ಅಧಿಕಪ್ರಸಂಗಕ್ಕೆ 90 ದಿನ ಜೈಲು

ಅಮೆರಿಕದ ಸೌತ್ ಕೆರೊಲಿನಾ ರಾಜ್ಯದಲ್ಲಿ ಮೊನ್ನೆ ಮೊನ್ನೆಯವರೆಗೂ ಒಂದು ಕಾನೂನಿತ್ತು. ಅದು ಹೇಳುತ್ತಿದ್ದದ್ದು ಇಷ್ಟು: ಬೇಕೆಂದೇ ಆಗಲಿ, ಕಾರಣವಿಲ್ಲದೆ ಆಗಲಿ, ಶಾಲೆಯ ಮಕ್ಕಳಿಗೋ ಮೇಷ್ಟ್ರಿಗೋ ಯಾವುದೇ ರೀತಿಯಲ್ಲಿ, ಯಾವುದೇ ಜಾಗದಲ್ಲಿ ತೊಂದರೆ ಕೊಟ್ಟರೆ ಅದು ಅಪರಾಧ. ಶಾಲೆಯ ಸುತ್ತಮುತ್ತ ಸುಮ್ನೆ ಸುಳಿದಾಡಿದರೂ ಅಪರಾಧ. ಶಾಲೆಯ ಆವರಣದಲ್ಲಿ ‘ಅಬ್‌ನಾಕ್ಷಸ್’ ಆಗಿ ನಡೆದುಕೊಂಡರೂ ಅಪರಾಧ. ಶಿಕ್ಷೆ 1,000 ಡಾಲರ್‌ವರೆಗೆ ದಂಡ, ಇಲ್ಲವೇ 90 ದಿನದವರೆಗೆ ಜೈಲು.

ಈ ‘ಅಬ್‌ನಾಕ್ಷಸ್’ ಅನ್ನುವುದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂದು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡೆ. ಅಸಹ್ಯ ಅಂದರೆ ಜಾಸ್ತಿಯಾಯಿತು. ಕಿರಿಕಿರಿ ಅಂದರೆ ಹತ್ತಿರ ಬಂತು. ಕೊನೆಗೆ ಹೊಳೆದದ್ದು ಮನೆಯಲ್ಲಿ ದೊಡ್ಡವರು ದಿನಕ್ಕೆ ನಾಲ್ಕು ಸಲ ನಮಗೆ ಹೇಳುತ್ತಿದ್ದ ಪದ, ಅಧಿಕಪ್ರಸಂಗ. ಅಂದರೆ ಶಾಲೆಯಲ್ಲಿ ಅಧಿಕಪ್ರಸಂಗ ಮಾಡಿದರೆ ಮೂರು ತಿಂಗಳು ಒಳಗೆ! ನಮ್ಮ ಕ್ಲಾಸಿನ ಕೊನೆಯ ಎರಡು ಬೆಂಚು ಪೂರ್ತಿ ಖಾಲಿಯಾಗುತ್ತಿತ್ತು.

ತಮಾಷೆ ಹಾಗಿರಲಿ. ಶಾಲೆಯ ಕೆಲಸಕ್ಕೆ ಅಡ್ಡಿ ಮಾಡುವುದನ್ನು ಅಪರಾಧ ಎನ್ನುವ ಇಂಥ ಕಾನೂನುಗಳು ಅಮೆರಿಕದಲ್ಲಿ ಒಂದೆರಡು ರಾಜ್ಯದ ವಿಚಿತ್ರವಲ್ಲ. ಇಪ್ಪತ್ತಕ್ಕೂ ಜಾಸ್ತಿ ರಾಜ್ಯಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಬಂದಿವೆ. ಎಷ್ಟೋ ಊರುಗಳು ತಮ್ಮದೇ ಪ್ರತ್ಯೇಕ ನಿಯಮ ಮಾಡಿಕೊಂಡಿವೆ. ಓದಿದಾಗ ಎಲ್ಲವೂ ಸರಿಯಾಗಿಯೇ ಕಾಣುತ್ತವೆ. ಪಾಠ ನಡೆಯುವಾಗ ಗಲಾಟೆ ಬೇಡ ಅಂದರೆ ಯಾರು ತಾನೇ ಬೇಡ ಅಂತಾರೆ? ತೊಡಕು ಶುರುವಾಗುವುದು ಒಂದೇ ಪ್ರಶ್ನೆಯಿಂದ. ಗೇಟಿನ ಹೊರಗಿನವನನ್ನು ತಡೆಯಲು ಬರೆದ ಕಾನೂನನ್ನು ಗೇಟಿನ ಒಳಗಿರುವ ಮಗುವಿನ ಮೇಲೆ ಹಾಕಬಹುದಾ?

ಸೌತ್ ಕೆರೊಲಿನಾದ ಕಾನೂನು ಹುಟ್ಟಿದ್ದು 1919ರಲ್ಲಿ. ಆಗ ಅದರ ಕಣ್ಣಿದ್ದದ್ದು ಹುಡುಗಿಯರ ಶಾಲೆ, ಕಾಲೇಜುಗಳ ಮುಂದೆ ಸುತ್ತುವ ಪಡ್ಡೆ ಹುಡುಗರ ಮೇಲೆ. ನಮ್ಮಲ್ಲೂ ಪ್ರತಿ ಊರಿನ ಗರ್ಲ್ಸ್ ಹೈಸ್ಕೂಲಿನ ಎದುರು ಸಂಜೆ ನಾಲ್ಕೂವರೆಗೆ ಸೈಕಲ್ ಚೈನ್ ಸರಿಮಾಡುತ್ತ ನಿಲ್ಲುತ್ತಿದ್ದವರು ಇದ್ದರಲ್ಲ, ಅವರೇ. ‘ಸುಳಿದಾಡುವುದು’, ‘ಅಧಿಕಪ್ರಸಂಗ’ ಇಂಥ ಪದಗಳೆಲ್ಲ ಅವರನ್ನು ನೋಡಿ ಬರೆದವು ಎಂದುಕೊಂಡು ಓದಿದರೆ ಅರ್ಥವಾಗುತ್ತದೆ. ರಸ್ತೆಯಲ್ಲಿ ನಿಂತವನಿಗೆ ಅಲ್ಲಿ ಕೆಲಸವಿಲ್ಲ. ಅವನನ್ನು ಓಡಿಸಲು ಪೊಲೀಸರಿಗೆ ಒಂದು ನೆಪ ಬೇಕಿತ್ತು, ಅಷ್ಟೆ.

1968ರಲ್ಲಿ ಇದೇ ಕಾನೂನನ್ನು ರಾಜ್ಯದ ಎಲ್ಲ ಶಾಲೆಗಳಿಗೂ ಹಿಗ್ಗಿಸಿದರು. ಆ ವರ್ಷ ಯಾವುದು ಅಂತ ಗಮನಿಸಬೇಕು. ಕಪ್ಪು ವಿದ್ಯಾರ್ಥಿಗಳು ವರ್ಣಭೇದದ ವಿರುದ್ಧ ಬೀದಿಗೆ ಇಳಿದಿದ್ದ ಕಾಲ ಅದು. ಅದೇ ಫೆಬ್ರವರಿ 8ರಂದು ಆ ರಾಜ್ಯದ ಆರೆಂಜ್‌ಬರ್ಗ್ ಊರಿನಲ್ಲಿ, ಕಪ್ಪು ಜನರನ್ನು ಒಳಗೆ ಬಿಡದ ಒಂದು ಬೌಲಿಂಗ್ (ಚೆಂಡು ಉರುಳಿಸಿ ಗೂಟ ಬೀಳಿಸುವ ಆಟ) ಕೇಂದ್ರದ ವಿರುದ್ಧ ಪ್ರತಿಭಟಿಸುತ್ತಿದ್ದ ವಿದ್ಯಾರ್ಥಿಗಳ ಮೇಲೆ ಪೊಲೀಸರು ಗುಂಡು ಹಾರಿಸಿ 3 ಜನ ಸತ್ತಿದ್ದರು. ಆಗಿನಿಂದ ಕಾನೂನಿನಲ್ಲಿ ಹುಡುಗಿಯರ ಶಾಲೆ ಅನ್ನುವ ಗಡಿ ಇಲ್ಲವಾಯಿತು. ಪಡ್ಡೆ ಹುಡುಗರಿಗಾಗಿ ಬರೆದಿದ್ದ ಪದಗಳು ಮಾತ್ರ ಹಾಗೇ ಉಳಿದವು.

ಇಂಥ ಕಾನೂನೇ ಬೇಡ ಅಂತ ನಾನು ಹೇಳುತ್ತಿಲ್ಲ. ಸರಿಯಾಗಿ ಬರೆದರೆ ಇದು ಹೇಗಿರುತ್ತದೆ ಅನ್ನುವುದಕ್ಕೂ ಒಂದು ಒಳ್ಳೆಯ ಉದಾಹರಣೆ ಇದೆ. 1969ರ ಏಪ್ರಿಲ್‌ನಲ್ಲಿ ಇಲಿನಾಯ್ ರಾಜ್ಯದ ರಾಕ್‌ಫರ್ಡ್ ಊರಿನ ಒಂದು ಹೈಸ್ಕೂಲಿನ ಹೊರಗೆ ಸುಮಾರು 200 ಜನ ಸೇರಿ ಪ್ರತಿಭಟನೆ ಮಾಡಿದರು. ಕಪ್ಪು ವಿದ್ಯಾರ್ಥಿಗಳ ಅಹವಾಲನ್ನು ಶಾಲೆ ಕೇಳುತ್ತಿಲ್ಲ ಅನ್ನುವುದು ಅವರ ದೂರು. ಪೊಲೀಸರು ಕೆಲವರನ್ನು ಹಿಡಿದರು. ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಗಿ 1972ರಲ್ಲಿ ತೀರ್ಪು ಬಂತು. ಬರೆದವರು ಥರ್ಗುಡ್ ಮಾರ್ಷಲ್, ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ. ಊರಿನಲ್ಲಿ ಎರಡು ನಿಯಮಗಳಿದ್ದವು. ಒಂದು, ಶಾಲೆಯ ಹತ್ತಿರ ಪಿಕೆಟಿಂಗ್ (ಬೋರ್ಡು ಹಿಡಿದು ನಿಂತು ಪ್ರತಿಭಟಿಸುವುದು) ಮಾಡಬಾರದು, ಆದರೆ ಶಾಲೆಯ ಕಾರ್ಮಿಕರ ಜಗಳವಾದರೆ ಮಾಡಬಹುದು. ಒಬ್ಬರಿಗೆ ಬಾಯಿ ಬಿಟ್ಟು ಇನ್ನೊಬ್ಬರಿಗೆ ಬಾಯಿ ಕಟ್ಟುವುದು ಸರಿಯಲ್ಲ ಎಂದು ಅದನ್ನು ಕೋರ್ಟು ಹೊಡೆದುಹಾಕಿತು. ಇನ್ನೊಂದು, ತರಗತಿ ನಡೆಯುವಾಗ ಪಕ್ಕದ ಜಾಗದಲ್ಲಿ ನಿಂತು ಬೇಕೆಂದೇ ಶಾಲೆಯ ಶಾಂತಿ ಕೆಡಿಸುವಂಥ ಸದ್ದು ಮಾಡಬಾರದು. ಇದನ್ನು ಕೋರ್ಟು ಉಳಿಸಿತು.

ಯಾಕೆ ಉಳಿಸಿತು ಅನ್ನುವುದೇ ಇಲ್ಲಿ ಮುಖ್ಯ. ಎಲ್ಲಿ, ಯಾವಾಗ, ಏನು, ಮೂರೂ ಆ ನಿಯಮದಲ್ಲೇ ಇದ್ದವು. ಶಾಲೆಯ ಪಕ್ಕ. ಪಾಠದ ಹೊತ್ತು. ಪಾಠ ನಿಲ್ಲುವಂಥ ಸದ್ದು. ಏನು ಹೇಳುತ್ತಿದ್ದೀರಿ ಅನ್ನುವುದು ಕಾನೂನಿಗೆ ಬೇಕಿಲ್ಲ, ನೀವು ಹೇಳುವ ರೀತಿ ಆ ಜಾಗಕ್ಕೆ, ಆ ಹೊತ್ತಿಗೆ ಹೊಂದುತ್ತದಾ ಅನ್ನುವುದಷ್ಟೇ ಪ್ರಶ್ನೆ. ಸದ್ದಿಲ್ಲದೆ ಬೋರ್ಡು ಹಿಡಿದು ನಿಂತರೆ ತೊಂದರೆಯಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಬಂದು ಕೂಗಿದರೆ ತೊಂದರೆಯಿಲ್ಲ. ಹತ್ತು ಗಂಟೆಗೆ ಗಣಿತದ ಕ್ಲಾಸಿನ ಕಿಟಕಿಯ ಕೆಳಗೆ ಮೈಕ್ ಹಿಡಿದರೆ ತೊಂದರೆ.

ಇದಕ್ಕೂ ಮೂರು ವರ್ಷ ಮೊದಲು, 1969ರಲ್ಲಿ, ಅದೇ ಕೋರ್ಟು ಒಳಗಿನ ಮಕ್ಕಳ ಬಗ್ಗೆಯೂ ಹೇಳಿತ್ತು. ವಿಯೆಟ್ನಾಂ ಯುದ್ಧದ ವಿರುದ್ಧ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಬಂದ ಅಯೋವಾದ ಮಕ್ಕಳ ಕೇಸು ಅದು. ಟಿಂಕರ್ ಕೇಸ್ ಅಂತಲೇ ಪ್ರಸಿದ್ಧ. ಪಾಠಕ್ಕೆ ನಿಜವಾಗಿ, ಗಣನೀಯವಾಗಿ ಅಡ್ಡಿಯಾದರೆ ಮಾತ್ರ ಶಾಲೆ ತಡೆಯಬಹುದು, ಮೇಷ್ಟ್ರಿಗೆ ಮುಜುಗರವಾಯಿತು ಅನ್ನುವ ಕಾರಣಕ್ಕೆ ಅಲ್ಲ. ಆ ಕೇಸಿನಲ್ಲೂ ಶಾಲೆ ಮಾಡಿದ್ದು ಮಕ್ಕಳನ್ನು ಮನೆಗೆ ಕಳಿಸಿದ್ದು. ಪೊಲೀಸರನ್ನು ಕರೆಸಿರಲಿಲ್ಲ.

ಪೊಲೀಸರು ಬಂದದ್ದು ಆಮೇಲೆ. 1990ರ ದಶಕದಲ್ಲಿ ಅಮೆರಿಕದಲ್ಲಿ ಬಾಲಾಪರಾಧದ ಭಯ ಜೋರಾಗಿತ್ತು. 1994ರಲ್ಲಿ ಕೇಂದ್ರ ಸರ್ಕಾರ, ಶಾಲೆಗೆ ಬಂದೂಕು ತಂದ ಮಗುವನ್ನು ಕನಿಷ್ಠ ಒಂದು ವರ್ಷ ಹೊರಗಿಡುವ ನಿಯಮ ಮಾಡದ ರಾಜ್ಯಗಳಿಗೆ ಅನುದಾನ ಇಲ್ಲ ಅಂದಿತು. ಬಂದೂಕಿನ ವಿಷಯದಲ್ಲಿ ಅದು ನ್ಯಾಯವೇ. ಆದರೆ ಆ ‘ಒಂದು ತಪ್ಪಿಗೂ ಮಾಫಿಯಿಲ್ಲ’ ಅನ್ನುವ ಧಾಟಿ ಬಂದೂಕಿನಿಂದ ಚಾಕುವಿಗೆ, ಚಾಕುವಿನಿಂದ ಕೈಕೈ ಮಿಲಾಯಿಸಿದ್ದಕ್ಕೆ, ಅಲ್ಲಿಂದ ಎದುರುತ್ತರಕ್ಕೆ ಇಳಿಯಿತು. 1999ರ ಏಪ್ರಿಲ್‌ನಲ್ಲಿ ಕೊಲಂಬೈನ್ ಹೈಸ್ಕೂಲಿನ ಹತ್ಯಾಕಾಂಡ ಆಯಿತು. ಶಾಲೆಗೊಬ್ಬ ಪೊಲೀಸ್ ಇರಲಿ ಅನ್ನುವುದಕ್ಕೆ ಹಣ ಹರಿಯಿತು. ಅವರಿಗೆ ‘ಸ್ಕೂಲ್ ರಿಸೋರ್ಸ್ ಆಫೀಸರ್’ ಅಂತ ಮೆತ್ತನೆಯ ಹೆಸರು. ಸೊಂಟದಲ್ಲಿ ಬಂದೂಕು, ಕೈಕೋಳ ಎರಡೂ ಇರುತ್ತವೆ.

ಇದರಿಂದ ಆದದ್ದೇನೆಂದು ಸ್ವಲ್ಪ ಯೋಚಿಸಿ. ಬಂದೂಕುಧಾರಿ ಬರುತ್ತಾನೆ ಅಂತ ನಿಲ್ಲಿಸಿದ ಪೊಲೀಸಿನವನಿಗೆ, ದೇವರ ದಯೆ, ಹೆಚ್ಚಿನ ಶಾಲೆಗಳಲ್ಲಿ ಬಂದೂಕುಧಾರಿ ಬರುವುದೇ ಇಲ್ಲ. ಆದರೆ ಆತ ದಿನವಿಡೀ ಅಲ್ಲೇ ಇರುತ್ತಾನೆ. ಕಾರಿಡಾರಿನಲ್ಲಿ ಇಬ್ಬರು ಹುಡುಗರು ಕಾಲರ್ ಹಿಡಿದುಕೊಂಡರೆ ಕರೆಯುವುದು ಆತನನ್ನೇ. ಮಾತು ಕೇಳದ ಮಗುವನ್ನು ಮೇಷ್ಟ್ರು ಎದುರಿಸಬೇಕಾದ ಜಾಗದಲ್ಲಿ ಆತ ಬಂದು ನಿಲ್ಲುತ್ತಾನೆ. ಮೇಷ್ಟ್ರ ಕೈಯಲ್ಲಿ ಡಿಟೆನ್ಷನ್ ಇದೆ, ಪೋಷಕರಿಗೆ ಫೋನ್ ಇದೆ. ಪೊಲೀಸರ ಕೈಯಲ್ಲಿ ಇರುವುದು ಕಾನೂನಿನ ಪುಸ್ತಕ. ಆ ಪುಸ್ತಕ ತೆರೆದರೆ ಕೊಲೆ, ಹಲ್ಲೆ ಯಾವುದೂ ಹೊಂದುವುದಿಲ್ಲ. ಸೌತ್ ಕೆರೊಲಿನಾದಲ್ಲಿ ಆಗ ಹೊಂದುತ್ತಿದ್ದದ್ದು ಒಂದೇ, ಆ 1919ರ ಪಡ್ಡೆ ಹುಡುಗರ ಕಾನೂನು. ಅದರೊಳಗೆ ಏನನ್ನು ಬೇಕಾದರೂ ತುರುಕಬಹುದಿತ್ತು.

2015ರ ಅಕ್ಟೋಬರ್ 26ರಂದು ಆ ರಾಜ್ಯದ ರಾಜಧಾನಿ ಕೊಲಂಬಿಯಾದ ಸ್ಪ್ರಿಂಗ್ ವ್ಯಾಲಿ ಹೈಸ್ಕೂಲಿನಲ್ಲಿ ನಡೆದದ್ದು ಇದೇ. ಗಣಿತದ ಕ್ಲಾಸು. ಒಬ್ಬ ಹುಡುಗಿ ಫೋನ್ ತೆಗೆದಿದ್ದಳು ಅನ್ನುವುದು ದೂರು. ಮೇಷ್ಟ್ರು ಹೊರಗೆ ಹೋಗು ಅಂದರು, ಹೋಗಲಿಲ್ಲ. ಶಾಲೆಯ ಆಡಳಿತದವರು ಬಂದರು, ಏಳಲಿಲ್ಲ. ಶಾಲೆಯ ಪೊಲೀಸ್ ಅಧಿಕಾರಿಯನ್ನು ಕರೆದರು. ಆತ ಬಂದು, ಕೂತಿದ್ದ ಡೆಸ್ಕಿನ ಸಮೇತ ಅವಳನ್ನು ಹಿಂದಕ್ಕೆ ಕೆಡವಿ, ನೆಲದ ಮೇಲೆ ಎಳೆದು ಎಸೆದ. ಕ್ಲಾಸಿನ ಮಕ್ಕಳು ತಲೆ ತಗ್ಗಿಸಿ ಕೂತಿದ್ದರು. ಕೆಲವರು ಫೋನಿನಲ್ಲಿ ಚಿತ್ರೀಕರಿಸಿದರು. ಎದ್ದು ನಿಂತು ಕೂಗಿದವಳು ಒಬ್ಬಳೇ, 18 ವರ್ಷದ ಇನ್ನೊಬ್ಬ ವಿದ್ಯಾರ್ಥಿನಿ. ಇದೇನು ಮಾಡುತ್ತಿದ್ದೀರಿ ಎಂದಳು, ಗಟ್ಟಿಯಾಗಿ ಪ್ರಾರ್ಥನೆ ಮಾಡಿದಳು. ಅವಳಿಗೂ ಕೈಕೋಳ ಬಿತ್ತು. ಇಬ್ಬರ ಮೇಲೂ ಬಿದ್ದ ಆರೋಪ ಒಂದೇ: ಶಾಲೆಗೆ ತೊಂದರೆ ಕೊಟ್ಟದ್ದು.

ಆ ವೀಡಿಯೊ ಒಂದೇ ದಿನದಲ್ಲಿ ಲೋಕವನ್ನೆಲ್ಲ ಸುತ್ತಿತು. ಎರಡು ದಿನದಲ್ಲಿ ಆ ಅಧಿಕಾರಿಯ ಕೆಲಸ ಹೋಯಿತು. ಆದರೆ ಆತನ ಮೇಲೆ ಕ್ರಿಮಿನಲ್ ಕೇಸು ಆಗಲೇ ಇಲ್ಲ. ಹುಡುಗಿಯರ ಮೇಲಿನ ಕೇಸು ಕೈಬಿಡಲು ಸರ್ಕಾರಿ ವಕೀಲರಿಗೆ ಸುಮಾರು ಒಂದು ವರ್ಷ ಬೇಕಾಯಿತು. ಆ ಗಲಾಟೆಯಲ್ಲಿ ಗಣಿತದ ಪಾಠಕ್ಕೆ ಜಾಸ್ತಿ ಅಡ್ಡಿ ಮಾಡಿದವರು ಯಾರು ಅಂತ ನನ್ನನ್ನು ಕೇಳಿದರೆ, ಫೋನ್ ಹಿಡಿದವಳು ಮೂರನೇ ಸ್ಥಾನದಲ್ಲೂ ಬರುವುದಿಲ್ಲ.

ಎದ್ದು ನಿಂತವಳು ಮರಳಿ ಆ ಶಾಲೆಗೆ ಹೋಗಲಿಲ್ಲ. 2016ರಲ್ಲಿ ಅವಳೂ ಇನ್ನು ಕೆಲವು ವಿದ್ಯಾರ್ಥಿಗಳೂ ಎಸಿಎಲ್‌ಯು ಅನ್ನುವ ನಾಗರಿಕ ಹಕ್ಕುಗಳ ಸಂಸ್ಥೆಯ ವಕೀಲರ ನೆರವಿನಿಂದ ಕೋರ್ಟಿಗೆ ಹೋದರು. ಕೇಸಿನ ಹೆಸರು ಕೆನ್ನಿ ವರ್ಸಸ್ ವಿಲ್ಸನ್. ಕೆನ್ನಿ ಅಂದರೆ ಎದ್ದು ನಿಂತ ಆ ಹುಡುಗಿ, ವಿಲ್ಸನ್ ಅಂದರೆ ರಾಜ್ಯದ ಆಗಿನ ಅಟಾರ್ನಿ ಜನರಲ್. ಇವರ ವಾದ ‘ನಾವು ತಪ್ಪು ಮಾಡಿಲ್ಲ’ ಅನ್ನುವುದಲ್ಲ. ‘ಈ ಕಾನೂನು ಓದಿದರೆ ಯಾವುದು ತಪ್ಪು ಅಂತ ಯಾರಿಗೂ ಗೊತ್ತಾಗುವುದಿಲ್ಲ’ ಅನ್ನುವುದು.

ಕಾನೂನಿನ ಭಾಷೆಯಲ್ಲಿ ಇದಕ್ಕೆ ಅಸ್ಪಷ್ಟತೆಯ ತತ್ವ ಅನ್ನಬಹುದು. ಹೆಸರು ದೊಡ್ಡದು, ವಿಷಯ ಸಣ್ಣದು. ನಮ್ಮ ಶಾಲೆಯ ಮಾನಿಟರ್‌ನನ್ನು ನೆನಪಿಸಿಕೊಂಡರೆ ಸಾಕು.

ಮೇಷ್ಟ್ರು ಸ್ಟಾಫ್ ರೂಮಿಗೆ ಹೋಗುವಾಗ ಮಾನಿಟರ್ ಕೈಗೆ ಚಾಕ್‌ಪೀಸ್ ಕೊಟ್ಟು ‘ಮಾತಾಡಿದವರ ಹೆಸರು ಬರಿ’ ಅಂತ ಹೇಳಿ ಹೋಗುತ್ತಿದ್ದರು. ಮಾತಾಡುವುದು ಅಂದರೆ ಏನು? ಪಕ್ಕದವನ ಹತ್ತಿರ ರಬ್ಬರ್ ಕೇಳಿದರೆ ಮಾತಾ? ನಕ್ಕರೆ ಮಾತಾ? ಯಾರೋ ಜಡೆ ಎಳೆದಾಗ ‘ಅಯ್ಯೋ’ ಅಂದರೆ? ಯಾರಿಗೂ ಗೊತ್ತಿಲ್ಲ. ಮಾನಿಟರ್‌ಗೆ ಯಾವಾಗ ಏನು ಅನ್ನಿಸುತ್ತದೋ ಅದೇ ಕಾನೂನು. ಅವನ ಗೆಳೆಯರು ಎಷ್ಟು ಹರಟಿದರೂ ಹೆಸರು ಬೋರ್ಡಿಗೆ ಹೋಗುತ್ತಿರಲಿಲ್ಲ. ನಿನ್ನೆ ಕ್ರಿಕೆಟ್ಟಿನಲ್ಲಿ ಅವನನ್ನು ಔಟ್ ಮಾಡಿದವನು ಕೆಮ್ಮಿದರೂ ಹೆಸರು ಬೀಳುತ್ತಿತ್ತು. ಯಾಕಪ್ಪಾ ಅಂತ ಕೇಳಿದರೆ ಹೆಸರಿನ ಮುಂದೆ ಇಂಟು ಮಾರ್ಕು, ಇನ್ನೊಮ್ಮೆ ಕೇಳಿದರೆ ಡಬಲ್ ಇಂಟು.

ಅಸ್ಪಷ್ಟ ಕಾನೂನಿನಲ್ಲಿ ಕೋರ್ಟುಗಳು ನೋಡುವುದೂ ಈ ಎರಡು ದೋಷಗಳನ್ನೇ. ಯಾವುದನ್ನು ಮಾಡಬಾರದು ಅಂತ ಸಾಮಾನ್ಯ ಮನುಷ್ಯನಿಗೆ ಮೊದಲೇ ಗೊತ್ತಾಗುವ ಹಾಗಿರಬೇಕು, ಅದು ಇಲ್ಲ. ಜಾರಿ ಮಾಡುವವನ ಇಷ್ಟಕ್ಕೆ ಬಿಡದೆ ಅವನ ಕೈಗೂ ಒಂದು ಅಳತೆಗೋಲು ಇರಬೇಕು, ಅದೂ ಇಲ್ಲ. ಎರಡನೆಯದು ಇನ್ನೂ ಅಪಾಯ. ಅಳತೆಗೋಲಿಲ್ಲದ ಕಡೆ ಮನಸ್ಸಿನೊಳಗಿನ ಪೂರ್ವಗ್ರಹವೇ ಅಳತೆಗೋಲಾಗುತ್ತದೆ. ಸೌತ್ ಕೆರೊಲಿನಾದಲ್ಲಿ ಈ ಕಾನೂನಿನಡಿ ಕೇಸು ಬಿದ್ದವರ ಲೆಕ್ಕ ತೆಗೆದಾಗ, ಕಪ್ಪು ಮಕ್ಕಳ ಮೇಲೆ ಕೇಸು ಬೀಳುವ ಸಂಭವ ಬಿಳಿ ಮಕ್ಕಳಿಗಿಂತ ಹಲವು ಪಟ್ಟು ಜಾಸ್ತಿ ಇತ್ತು. ಬೋರ್ಡಿನ ಮೇಲೆ ಯಾರ ಹೆಸರು ಬಿತ್ತು ಅಂತ ನೋಡಿದರೆ ಮಾನಿಟರ್ ಮನಸ್ಸು ಗೊತ್ತಾಗುವ ಹಾಗೆ.

ಕೋರ್ಟಿನ ದಾರಿ ನೇರ ಇರಲಿಲ್ಲ. ಮೊದಲನೆಯದಾಗಿ, 2006ರಲ್ಲೇ ರಾಜ್ಯದ ಸುಪ್ರೀಂ ಕೋರ್ಟು ಒಂದು ಬಾಲಾಪರಾಧಿಯ ಕೇಸಿನಲ್ಲಿ ಈ ಕಾನೂನನ್ನು ಎತ್ತಿ ಹಿಡಿದಿತ್ತು, ರಾಕ್‌ಫರ್ಡ್ ಕೇಸನ್ನೇ ಆಧಾರ ಮಾಡಿಕೊಂಡು. ಅಲ್ಲಿ ಸಂದರ್ಭ ಬೇರೆ ಅನ್ನುವುದು ಯಾರ ಗಮನಕ್ಕೂ ಬಂದ ಹಾಗಿಲ್ಲ. ಎರಡನೆಯದಾಗಿ, ಹೊಸ ಕೇಸನ್ನು 2017ರಲ್ಲಿ ಕೆಳಗಿನ ಕೋರ್ಟು ಒಳಗೇ ಬಿಟ್ಟುಕೊಳ್ಳಲಿಲ್ಲ. ಮುಂದೆ ಇದೇ ಕಾನೂನು ನಿಮ್ಮನ್ನು ಹಿಡಿಯುತ್ತದೆ ಅಂತ ಏನು ಗ್ಯಾರಂಟಿ, ಆದ್ದರಿಂದ ಕೇಳುವ ಹಕ್ಕೇ ಇಲ್ಲ ಅಂತ. 2018ರ ಮಾರ್ಚ್‌ನಲ್ಲಿ ನಾಲ್ಕನೇ ಸರ್ಕಿಟ್, ಅಂದರೆ ಆ ಭಾಗದ ರಾಜ್ಯಗಳಿಗಿರುವ ಕೇಂದ್ರದ ಮೇಲ್ಮನವಿ ಕೋರ್ಟು, ಅದನ್ನು ತಿರುಗಿಸಿತು. ಇವರು ಶಾಲೆಗೆ ಹೋಗುವವರು, ಕಾನೂನು ಹೀಗಿದ್ದರೆ ಮತ್ತೆ ಸಿಕ್ಕಿಬೀಳುವ ಭಯ ಸಹಜ ಅಂದಿತು.

ಅದೇ ವರ್ಷ ಮೇ ತಿಂಗಳಲ್ಲಿ ರಾಜ್ಯದ ಶಾಸಕರೇ ಕಾನೂನು ಬದಲಿಸಿದರು. ಗವರ್ನರ್ ಹೆನ್ರಿ ಮೆಕ್‌ಮಾಸ್ಟರ್ ಸಹಿ ಹಾಕಿದರು. ಹೊಸ ಕಾನೂನು ವಿದ್ಯಾರ್ಥಿಯಲ್ಲದವರಿಗೆ ಮಾತ್ರ. ಅಪ್ಪಣೆಯಿಲ್ಲದೆ ಶಾಲೆಗೆ ನುಗ್ಗುವುದು, ಹೋಗು ಅಂದರೂ ಹೋಗದಿರುವುದು, ಹೊಡೆದಾಟ, ಬೆದರಿಕೆ, ಹೀಗೆ ಏನೇನು ಅಂತ ಬಿಡಿಸಿ ಬರೆದರು. ‘ಅಧಿಕಪ್ರಸಂಗ’ ಅನ್ನುವ ಪದ ಹೊರಟುಹೋಯಿತು. ವಿದ್ಯಾರ್ಥಿಗಳಿಗೆ ಪ್ರತ್ಯೇಕವಾಗಿ ಒಂದೇ ಅಪರಾಧ ಇಟ್ಟರು, ಕೊಲ್ಲುತ್ತೇನೆ, ಹೊಡೆಯುತ್ತೇನೆ ಅನ್ನುವ ಬೆದರಿಕೆ. ಸುಮಾರು ನೂರು ವರ್ಷದ ಮೇಲೆ ಕಾನೂನು ಗೇಟಿನ ಹೊರಗೆ ತನ್ನ ಹಳೇ ಜಾಗಕ್ಕೆ ವಾಪಸ್ ಹೋಯಿತು.

ಆದರೆ ಹಿಂದೆ ಕೇಸು ಬಿದ್ದ ಮಕ್ಕಳ ದಾಖಲೆ ಹಾಗೇ ಉಳಿದಿತ್ತಲ್ಲ. ಜೊತೆಗೆ, ಸಾರ್ವಜನಿಕ ಜಾಗದಲ್ಲಿ ಅಶಿಸ್ತಿನಿಂದ, ಗದ್ದಲದಿಂದ ನಡೆದುಕೊಳ್ಳಬಾರದು ಅನ್ನುವ ಇನ್ನೊಂದು ಸಾಮಾನ್ಯ ಕಾನೂನು ಇನ್ನೂ ಇತ್ತು. ಮುಂದಿನ ಬಾಗಿಲು ಮುಚ್ಚಿದರೆ ಹಿಂದಿನ ಬಾಗಿಲಿನಿಂದ ಬರಬಹುದು. ಹಾಗಾಗಿ ಕೇಸು ಮುಂದುವರಿಯಿತು. 2021ರಲ್ಲಿ ಜಿಲ್ಲಾ ಕೋರ್ಟು ಮಕ್ಕಳ ಪರ ತೀರ್ಪು ಕೊಟ್ಟಿತು. 2023ರ ಫೆಬ್ರವರಿಯಲ್ಲಿ ನಾಲ್ಕನೇ ಸರ್ಕಿಟ್ ಅದನ್ನು ಖಾಯಂ ಮಾಡಿತು. ಶಾಲಾ ಮಕ್ಕಳ ಮಟ್ಟಿಗೆ ಹಳೆಯ ಕಾನೂನೂ ಈ ಗದ್ದಲದ ಕಾನೂನೂ ಸಂವಿಧಾನಕ್ಕೆ ವಿರುದ್ಧ, ಆ ದಾಖಲೆಗಳನ್ನು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ ಅಂತ. ತೀರ್ಪು ಬರೆದ ನ್ಯಾಯಾಧೀಶ ಟೋಬಿ ಹೇಟೆನ್ಸ್ ಅದರಲ್ಲಿ ಒಂದು ಮಾತು ಹೇಳಿದ್ದಾರೆ. ಗದ್ದಲವೇ ಅಪರಾಧ ಎಂದಾದರೆ, ಆಟದ ಬಿಡುವಿನ ಹೊತ್ತಿನಲ್ಲಿ ಶಾಲೆಯ ಮೈದಾನದ ಪಕ್ಕ ಹಾದುಹೋಗುವವರ ಕಣ್ಣಿಗೆ ಬೀಳುವುದು ಭಾರೀ ಅಪರಾಧ ನಡೆಯುತ್ತಿರುವ ಜಾಗ ಅನ್ನಬೇಕಾಗುತ್ತದೆ ಅಂತ. ಕಬಡ್ಡಿ ಪಿರಿಯಡ್ ನೋಡಿದ್ದರೆ ಇನ್ನೇನು ಬರೆಯುತ್ತಿದ್ದರೋ.

ಎಲ್ಲ ಕಡೆಯೂ ಹೀಗೆ ಸುಖಾಂತ್ಯ ಆಗಿದೆ ಅಂದುಕೊಳ್ಳಬೇಡಿ. ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಯ ತೇಗಿನ ಕೇಸು ಕೇಳಿ. ತಪ್ಪು ಓದಲಿಲ್ಲ, ತೇಗು ಅಂತಲೇ ಬರೆದಿದ್ದೇನೆ.

2011ರ ಮೇ ತಿಂಗಳು. ಏಳನೇ ಕ್ಲಾಸಿನ 13 ವರ್ಷದ ಹುಡುಗ ಪಿಟಿ ಪಿರಿಯಡ್‌ನಲ್ಲಿ ಬೇಕೆಂದೇ ದೊಡ್ಡದಾಗಿ ತೇಗಿದ. ಹುಡುಗರು ನಕ್ಕರು. ನಕ್ಕರಲ್ಲ ಅಂತ ಮತ್ತೆ ತೇಗಿದ. ಟೀಚರ್ ಹೊರಗೆ ಕಾರಿಡಾರಿನಲ್ಲಿ ಕೂರಿಸಿದರು. ಅಲ್ಲಿಂದಲೇ ಬಾಗಿಲಿನೊಳಗೆ ತಲೆ ಹಾಕಿ ತೇಗಿದ. ಕಿತಾಪತಿ ಅನ್ನುವುದರಲ್ಲಿ ಅನುಮಾನವಿಲ್ಲ, ಆ ಟೀಚರ್ ಬಗ್ಗೆ ನನಗೂ ಕನಿಕರವಿದೆ. ಅವರು ರೇಡಿಯೊದಲ್ಲಿ ಸಹಾಯ ಕೇಳಿದರು. ಶಾಲೆಯ ಪೊಲೀಸ್ ಬಂದರು. ಶಿಕ್ಷಣ ಪ್ರಕ್ರಿಯೆಗೆ ಅಡ್ಡಿ ಅನ್ನುವ ರಾಜ್ಯದ ಕಾನೂನಿನಡಿ ಹುಡುಗನನ್ನು ಬಂಧಿಸಿ, ಕೋಳ ಹಾಕಿ, ಬಾಲಾಪರಾಧಿಗಳ ಕೇಂದ್ರಕ್ಕೆ ಕರೆದುಕೊಂಡು ಹೋದರು. ತಾಯಿ ಅಲ್ಲಿಂದ ಬಿಡಿಸಿಕೊಂಡು ಬಂದರು.

ತಾಯಿ ದಾವೆ ಹಾಕಿದರು, ಸೋತರು. 2016ರಲ್ಲಿ ಹತ್ತನೇ ಸರ್ಕಿಟ್ ಕೋರ್ಟಿನ ಮೂವರಲ್ಲಿ ಇಬ್ಬರು ಹೇಳಿದ್ದು ಇಷ್ಟು: ಕಾನೂನಿನ ಪದಗಳು ಅಗಲವಾಗಿವೆ, ತೇಗಿನಿಂದ ಪಾಠ ನಿಂತದ್ದು ನಿಜ, ಆದ್ದರಿಂದ ಪೊಲೀಸಿನವರು ಬಂಧಿಸಬಹುದು ಅಂದುಕೊಂಡದ್ದು ತೀರಾ ಅಸಂಬದ್ಧವಲ್ಲ, ಹಾಗಾಗಿ ಇಂಥ ದಾವೆಯಿಂದ ಅವರಿಗೆ ರಕ್ಷಣೆ ಇದೆ. ಒಪ್ಪದೆ ಭಿನ್ನಮತ ಬರೆದವರು ನೀಲ್ ಗೋರ್ಸಚ್. ಮರುವರ್ಷ ಟ್ರಂಪ್ ಸುಪ್ರೀಂ ಕೋರ್ಟಿಗೆ ನೇಮಿಸಿದ ಅದೇ ಗೋರ್ಸಚ್. ಹುಡುಗನೊಬ್ಬ ನಗಿಸಲು ತೇಗಿದರೆ ಮೈದಾನಕ್ಕೆ ಇನ್ನೆರಡು ಸುತ್ತು ಓಡಿಸಬಹುದಿತ್ತು, ಪ್ರಿನ್ಸಿಪಾಲರ ಹತ್ತಿರ ಕಳಿಸಬಹುದಿತ್ತು ಎಂದು ಅವರು ಕುಟುಕಿದರು. ತರಗತಿಯನ್ನು ನಗಿಸುವವನಿಗೂ ಅಪರಾಧಿಗೂ ವ್ಯತ್ಯಾಸವಿದೆ, ರಾಜ್ಯದ ಹಳೆಯ ತೀರ್ಪುಗಳೇ ಅದನ್ನು ಹೇಳಿವೆ ಅನ್ನುವುದು ಅವರ ವಾದ. ಬಲಪಂಥೀಯ ನ್ಯಾಯಾಧೀಶರಿಗೂ ಇದು ಅತಿ ಅನ್ನಿಸಿತ್ತು. ಹಾಗಾಗಿ ಇದನ್ನು ಎಡ, ಬಲದ ಜಗಳ ಅಂತ ನೋಡಿದರೆ ದಾರಿ ತಪ್ಪುತ್ತೀರಿ.

ರಾಜ್ಯದಿಂದ ರಾಜ್ಯಕ್ಕೆ ಕತೆ ಬೇರೆ. ನಮ್ಮ ಕನ್ನಡದವರು ಜಾಸ್ತಿ ಇರುವ ಟೆಕ್ಸಾಸ್‌ನಲ್ಲಿ ಒಂದು ಕಾಲಕ್ಕೆ ಕ್ಲಾಸಿನಲ್ಲಿ ಗಲಾಟೆ ಮಾಡಿದ ಮಕ್ಕಳಿಗೆ ಟ್ರಾಫಿಕ್ ಚಲನ್ ಥರ ಟಿಕೆಟ್ ಹರಿದುಕೊಡುತ್ತಿದ್ದರು. ಕೋರ್ಟಿಗೆ ಹೋಗಿ ದಂಡ ಕಟ್ಟಬೇಕು. 2013ರಲ್ಲಿ ಕಾನೂನು ತಿದ್ದಿ, ತಮ್ಮದೇ ಶಾಲೆಯಲ್ಲಿ ಓದುವ ಮಕ್ಕಳನ್ನು ತರಗತಿಗೆ ಅಡ್ಡಿ ಅನ್ನುವ ಅಪರಾಧದಿಂದ ಹೊರಗಿಟ್ಟರು. ವರ್ಜೀನಿಯಾ 2020ರಲ್ಲಿ ಶಾಲೆಯೊಳಗಿನ ವಿದ್ಯಾರ್ಥಿಗಳ ಮೇಲೆ ಅಶಿಸ್ತಿನ ಕ್ರಿಮಿನಲ್ ಕೇಸು ಹಾಕುವುದನ್ನು ನಿಲ್ಲಿಸಿತು. ಕ್ಯಾಲಿಫೋರ್ನಿಯಾ ಇನ್ನೂ ಒಂದು ಹೆಜ್ಜೆ ಮುಂದೆ. ಮಾತು ಕೇಳಲಿಲ್ಲ, ಎದುರು ನಿಂತ ಅನ್ನುವ ಒಂದೇ ಕಾರಣಕ್ಕೆ ಶಾಲೆಯಿಂದ ಸಸ್ಪೆಂಡ್ ಮಾಡುವುದನ್ನೂ ಮೊದಲು ಸಣ್ಣ ತರಗತಿಗಳಿಗೆ, 2024ರ ಜುಲೈಯಿಂದ 12ನೇ ತರಗತಿಯವರೆಗೂ ನಿಲ್ಲಿಸಿತು. ಇದರ ಬಗ್ಗೆ ಅಲ್ಲಿನ ಶಿಕ್ಷಕರಲ್ಲೇ ಎರಡು ಅಭಿಪ್ರಾಯ ಇದೆ. 30 ಮಕ್ಕಳ ಕ್ಲಾಸಿನಲ್ಲಿ ಒಬ್ಬ ದಿನಾ ಪಾಠ ನಿಲ್ಲಿಸುತ್ತಿದ್ದರೆ ಉಳಿದ 29 ಜನ ಏನು ಮಾಡಬೇಕು ಅನ್ನುವುದು ಸುಳ್ಳು ಪ್ರಶ್ನೆಯಲ್ಲ.

ನಮ್ಮ ಕಡೆ ಹೇಗೆ ಅಂತ ಕೇಳುತ್ತೀರಿ ಅಲ್ವಾ? ಇಲ್ಲಿನ ಕಾನೂನುಗಳು ಹೆಚ್ಚಾಗಿ ಗೇಟಿನ ಹೊರಗೇ ನಿಲ್ಲುತ್ತವೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬಂದಾಗ ಕೇಂದ್ರದ ಸುತ್ತ 200 ಮೀಟರ್ ನಿಷೇಧಾಜ್ಞೆ, ಹತ್ತಿರದ ಜೆರಾಕ್ಸ್ ಅಂಗಡಿ ಬಂದ್ ಅಂತ ಪೇಪರಿನಲ್ಲಿ ಓದುತ್ತೇವಲ್ಲ, ಅದು ಇದೇ ಜಾತಿಯದು. ಮೊದಲು ಅಪರಾಧ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 144ನೇ ಸೆಕ್ಷನ್, 2024ರ ಜುಲೈಯಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 163ನೇ ಸೆಕ್ಷನ್. ಎಲ್ಲಿ, ಯಾವಾಗ, ಎಷ್ಟು ದೂರ, ಎಲ್ಲ ಆದೇಶದಲ್ಲೇ ಇರುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಶಾಲೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಹಗಲು 50 ಡೆಸಿಬಲ್ ಮೀರುವ ಹಾಗಿಲ್ಲ. ಶಾಲೆಯ ಪಕ್ಕದ ಕಲ್ಯಾಣ ಮಂಟಪದ ವಾದ್ಯದವರಿಗೆ ಇದನ್ನು ಯಾರು ಹೇಳುತ್ತಾರೋ ಗೊತ್ತಿಲ್ಲ, ಆದರೆ ನಿಯಮ ಅಂತೂ ಇದೆ.

ಒಳಗಿನ ಮಗುವಿನ ವಿಷಯದಲ್ಲಿ ನಮ್ಮ ಕಾನೂನು ಮಗುವಿನ ಕಡೆ ವಾಲುತ್ತದೆ. 7 ವರ್ಷದೊಳಗಿನ ಮಗು ಏನು ಮಾಡಿದರೂ ಅಪರಾಧವಲ್ಲ. 7ರಿಂದ 12ರವರೆಗೆ ತಿಳಿವಳಿಕೆ ಎಷ್ಟಿದೆ ಅಂತ ನೋಡಬೇಕು. 18ರೊಳಗಿನವರನ್ನು ಬಾಲನ್ಯಾಯ ಕಾಯ್ದೆಯ ಪ್ರಕಾರ ಲಾಕಪ್ಪಿಗೆ ಹಾಕುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ‘ಟಿಸಿ ಕೊಟ್ಟು ಕಳಿಸ್ತೀನಿ’ ಅನ್ನುವ ಹೆಡ್‌ಮಾಸ್ಟರ ಬೆದರಿಕೆಗೆ ಎಂಟನೇ ತರಗತಿ ಮುಗಿಯುವವರೆಗೆ ಅದೇ ಕಾಯ್ದೆಯ 16ನೇ ಸೆಕ್ಷನ್ ಅಡ್ಡ ಬರುತ್ತದೆ. ಕಾಗದದ ಮೇಲೆ ಇರುವುದೆಲ್ಲ ತರಗತಿಯಲ್ಲಿ ನಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ಬೆತ್ತದ ಏಟು ತಿಂದ ಅಂಗೈಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ನಮ್ಮ ಮೇಷ್ಟ್ರು ಹೊಡೆದಿರಬಹುದು, ಕೆಮ್ಮಿದ್ದಕ್ಕೆ ಸ್ಟೇಷನ್ನಿಗೆ ಫೋನ್ ಮಾಡುತ್ತಿರಲಿಲ್ಲ.

ಅದಕ್ಕೇ ಅಮೆರಿಕಕ್ಕೆ ಹೋದ ನಮ್ಮವರಿಗೆ ಇದು ತಲೆಗೆ ಹೋಗುವುದು ನಿಧಾನ. ವರ್ಷದ ಶುರುವಿನಲ್ಲಿ ಶಾಲೆಯಿಂದ ದಪ್ಪನೆಯ ಹ್ಯಾಂಡ್‌ಬುಕ್ ಬರುತ್ತದೆ, ಕೊನೆಯ ಪುಟದಲ್ಲಿ ಸಹಿ ಹಾಕಿ ಕಳಿಸುತ್ತೇವೆ, ಓದುವುದಿಲ್ಲ. ಅದರಲ್ಲಿ ‘ಅಡ್ಡಿ’ ಅನ್ನುವ ಪದ ಎಲ್ಲಿದೆ, ಅದಕ್ಕೆ ಶಾಲೆಯ ಶಿಕ್ಷೆ ಎಲ್ಲಿ ಮುಗಿದು ಪೊಲೀಸರ ಕೆಲಸ ಎಲ್ಲಿ ಶುರುವಾಗುತ್ತದೆ ಅನ್ನುವ ಒಂದೆರಡು ಪುಟ ಮಾತ್ರ ಓದಿದರೂ ಸಾಕು. ಕೇಸು ಬಿದ್ದುಹೋಗಬಹುದು, ಆದರೆ ಹೊಸ ವೀಸಾಕ್ಕೆ ತುಂಬುವ ಡಿಎಸ್-160 ಫಾರಂ ಕೇಳುವುದು ಶಿಕ್ಷೆಯಾಯಿತಾ ಅಂತ ಮಾತ್ರವಲ್ಲ, ಯಾವತ್ತಾದರೂ ಬಂಧನವಾಗಿತ್ತಾ ಅಂತಲೂ. ಎಚ್-4 ವೀಸಾದ (ಕೆಲಸದ ವೀಸಾದಲ್ಲಿರುವವರ ಕುಟುಂಬಕ್ಕೆ ಕೊಡುವ ವೀಸಾ) ಮೇಲೆ ಇರುವ ಮಗುವಿಗೆ ಈ ಪ್ರಶ್ನೆ ಎದುರಾದರೆ ಒಂದು ತೇಗಿನ ಬೆಲೆ ಎಷ್ಟಾಗುತ್ತದೆ ನೋಡಿ.

ಮತ್ತೆ ಯಾವತ್ತಾದರೂ ಶಾಲೆಯಿಂದ ಫೋನ್ ಬಂದರೆ ಮೊದಲು ಕೇಳಬೇಕಾದದ್ದು ಮಗು ಏನು ಮಾಡಿತು ಅಂತ ಅಲ್ಲ. ಈಗ ಮಗುವಿನ ಜೊತೆ ರೂಮಿನಲ್ಲಿ ಇರುವುದು ಯಾರು ಅಂತ. ಪ್ರಿನ್ಸಿಪಾಲರಾ, ಪೊಲೀಸಾ? ಎರಡಕ್ಕೂ ನಿಯಮ ಬೇರೆ. ಪ್ರಿನ್ಸಿಪಾಲರು ಸಕಾರಣ ಅನುಮಾನವಿದ್ದರೆ ವಾರಂಟ್ ಇಲ್ಲದೆ ಬ್ಯಾಗ್ ನೋಡಬಹುದು, 1985ರಲ್ಲೇ ಸುಪ್ರೀಂ ಕೋರ್ಟು ಹಾಗೆ ಹೇಳಿದೆ. ಪೊಲೀಸರು ಕೂರಿಸಿ ಪ್ರಶ್ನೆ ಕೇಳುತ್ತಿದ್ದರೆ, ಎದ್ದು ಹೋಗಬಹುದು ಅಂತ ಆ ಮಗುವಿಗೆ ಅನ್ನಿಸಿತ್ತಾ ಅನ್ನುವುದನ್ನು ಅದರ ವಯಸ್ಸು ನೋಡಿಯೇ ತೀರ್ಮಾನಿಸಬೇಕು ಎಂದು 2011ರಲ್ಲಿ ಅದೇ ಕೋರ್ಟು ಹೇಳಿತು. ಆ ಕೇಸಿನ ಹುಡುಗನಿಗೂ 13 ವರ್ಷ. ನಾರ್ತ್ ಕೆರೊಲಿನಾದ ಶಾಲೆಯೊಂದರಲ್ಲಿ ಕ್ಲಾಸಿನಿಂದ ಎಬ್ಬಿಸಿಕೊಂಡು ಹೋಗಿ, ಬಾಗಿಲು ಮುಚ್ಚಿದ ರೂಮಿನಲ್ಲಿ ಅರ್ಧ ಗಂಟೆಗೂ ಜಾಸ್ತಿ ಕೇಳಿದ್ದರು. ಅಜ್ಜಿಗೆ ಒಂದು ಫೋನ್ ಮಾಡಬಹುದು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.